ಹಕ್ಕಿಬಂಡೆಯ ಹತ್ತಿರ ಅಪ್ಪ ಹೇಳುವ ಮಾತು

ಮಾರ್ಚ್ 2

ತಮ್ಮಾ,

ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ಅಡುಗೆಮನೆಯಲ್ಲೇ ಅತ್ತಿಂದಿತ್ತ ಓಡಾಡಿದೆ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಯಾರದೂ ಯಾರ ಕಿವಿಗೂ ಹೋಗುವುದಿಲ್ಲ. ಕೊನೆಗೆ ನೀನು "ಆಯ್ತು ಬಿಡಕ್ಕ" ಅನ್ನುತ್ತೀಯ, ನಾನು "ಬಿಟ್ಟೆ ಹೋಗು" ಅನ್ನುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ನಡುವೆ ಬಾಯಿ ಹಾಕಲು ನಿನ್ನಿಂದಾಗುವುದಿಲ್ಲವಲ್ಲ.

ನಾನಿಲ್ಲಿ ಏನು ಕೆಲಸ ಮಾಡುತ್ತೇನೆ ಎಂದು ಯಾರಾದರೂ ಕೇಳಿದರೆ, "ಏನೋ, ದೋಣಿ ಮುಳುಗಿದ್ದನ್ನ ಟೈಪ್ ಮಾಡ್ತಾಳೆ" ಅನ್ನುತ್ತೀಯಂತೆ. ಅಮ್ಮ ಹೇಳಿದಳು. ಸುಳ್ಳೇನಲ್ಲ. ಎಲ್ಲಾದರೂ ದೋಣಿ ಮಗುಚಿದರೆ, ಲಾಂಚಿಗೆ ಬೆಂಕಿ ಬಿದ್ದರೆ, ತನಿಖೆಯ ವರದಿ ನಮ್ಮ ಕಚೇರಿಗೆ ಬರುತ್ತದೆ. ಅದನ್ನು ಓದಿ, ದೋಣಿ ನಡೆಸುವವರಿಗೆ ಅರ್ಥವಾಗುವ ಮಾತಿನಲ್ಲಿ ಒಂದು ಪುಟ ಬರೆಯುತ್ತೇನೆ. ತಪ್ಪು ಯಾರದು ಎಂದು ಬರೆಯುವ ಹಾಗಿಲ್ಲ, ಹೆಸರು ಹಾಕುವ ಹಾಗಿಲ್ಲ. ಏನಾಯಿತು, ಇನ್ನೊಮ್ಮೆ ಆಗದಿರಲು ಏನು ಮಾಡಬೇಕು, ಅಷ್ಟೇ. ಆ ಪುಟ ತಿಂಗಳಿಗೊಮ್ಮೆ ನಿನಗೂ ಬರುತ್ತದೆ. ನೀನು ಅದರಲ್ಲಿ ಎಂಜಿನ್ ಆಯಿಲ್ ಒರೆಸುತ್ತೀಯಂತೆ. ಅದನ್ನೂ ಅಮ್ಮನೇ ಹೇಳಿದಳು.

ಈ ವಾರ ಬಂದ ವರದಿ ಒಂದು ಪ್ರವಾಸಿ ದೋಣಿಯದು. ಗಾಳಿ ಇರಲಿಲ್ಲ, ಅಲೆ ಇರಲಿಲ್ಲ, ಎಂಜಿನ್ ಸರಿಯಾಗಿತ್ತು, ಓಡಿಸುವವನು ಕುಡಿದಿರಲಿಲ್ಲ. ಯಾರೋ "ಅಲ್ನೋಡಿ ಡಾಲ್ಫಿನ್!" ಎಂದು ಕೂಗಿದರು. ಕೂತಿದ್ದವರೆಲ್ಲ ಎದ್ದು ಒಂದೇ ಕಡೆಗೆ ನುಗ್ಗಿದರು. ದೋಣಿ ಆ ಕಡೆಗೆ ವಾಲಿತು, ಮಗುಚಿತು. ಎಷ್ಟು ಜನ ಹೋದರು ಎಂದು ನಿನಗೆ ಬರೆಯುವುದಿಲ್ಲ. ನಾನು ಓದಿದ್ದು ಸಾಕು.

ಓದುತ್ತಿದ್ದ ಹಾಗೆ ಅಪ್ಪನ ದನಿ ಕೇಳಿತು ಕಣೋ. "ಈಗ ನಿಮ್ಮ ಎಡಗಡೆಗೆ ಬಂದಿರುವುದು ಹಕ್ಕಿಬಂಡೆ. ಕೂತಲ್ಲೇ ಕೂತರೆ ಏನೂ ಕಾಣುವುದಿಲ್ಲ ಸ್ವಾಮಿ. ಎಲ್ಲರೂ ಎದ್ದು ಎಡಗಡೆಗೆ ಬನ್ನಿ. ನಾಚಿಕೊಳ್ಳಬೇಡಿ, ಹಕ್ಕಿಗಳಿಗೂ ನಿಮ್ಮನ್ನು ನೋಡಬೇಕಂತೆ."

ಗಂಟಲು ಕೆಟ್ಟು, ಇನ್ನು ಕೂಗಬೇಡಿ ಎಂದು ಡಾಕ್ಟರು ಹೇಳಿದಾಗ ಅಪ್ಪ ನಮ್ಮ ಅಡುಗೆಮನೆಯಲ್ಲಿ ಕೂತು ರೆಕಾರ್ಡ್ ಮಾಡಿಸಿದ್ದು. ಅವರು ಹೋಗಿ ವರ್ಷ ಕಳೆದರೂ ಪ್ರತಿ ಟ್ರಿಪ್ಪಿಗೆ ನಮ್ಮ ದೋಣಿಯ ಮೈಕಿನಲ್ಲಿ ಅವರೇ ಜನರನ್ನು ಎಬ್ಬಿಸುತ್ತಿದ್ದಾರೆ. ಆ ಒಂದು ಮಾತು ತೆಗೆದುಬಿಡು. ಉಳಿದದ್ದೆಲ್ಲ ಇರಲಿ. ಇಷ್ಟನ್ನೇ ನಾನು ಫೋನಿನಲ್ಲಿ ಹೇಳಲು ಹೊರಟಿದ್ದು.

ನಿನ್ನ ಅಕ್ಕ


ಮಾರ್ಚ್ 9

ಅಕ್ಕಾ,

ಕಾಗದ ತಲುಪಿತು. ಪೋಸ್ಟಿನವನು ಕವರಿನ ದಪ್ಪ ನೋಡಿ "ಏನಣ್ಣ, ಕೋರ್ಟಿಂದಾ?" ಅಂದ. "ಅದಕ್ಕಿಂತ ಮೇಲಿನ ಕಡೆಯಿಂದ" ಅಂದೆ.

ನಿನ್ನ ಪುಟದಲ್ಲಿ ಆಯಿಲ್ ಒರೆಸುವುದು ನಿಜ. ಒರೆಸುವ ಮುಂಚೆ ಓದುತ್ತೇನೆ ಅನ್ನುವುದನ್ನೂ ಅಮ್ಮ ಹೇಳಬೇಕಿತ್ತು. ಲೈಫ್ ಜಾಕೆಟ್ಟುಗಳನ್ನು ಬೆಂಚಿನ ಕೆಳಗೆ ತುರುಕಬೇಡಿ, ಕೈಗೆ ಸಿಗುವ ಹಾಗಿಡಿ ಎಂದು ಬರೆದಿದ್ದೆಯಲ್ಲ, ಅವತ್ತೇ ಕೊಕ್ಕೆ ಹೊಡೆಸಿ ಸಾಲಾಗಿ ನೇತುಹಾಕಿಸಿದೆ. ಹಾಕಿಕೊಳ್ಳಿ ಅಂದರೆ ಮಾತ್ರ ಯಾರೂ ಹಾಕಿಕೊಳ್ಳುವುದಿಲ್ಲ. ಬೆವರುತ್ತದೆ, ಫೋಟೋದಲ್ಲಿ ದಪ್ಪ ಕಾಣುತ್ತೇವೆ ಅನ್ನುತ್ತಾರೆ. ಅದಕ್ಕೊಂದು ಪುಟ ಬರಿ ನೋಡೋಣ.

ಅಪ್ಪನ ಮಾತಿಗೆ ಬರೋಣ. ಅವರು ಬಾಯಲ್ಲೇ ಕೂಗುತ್ತಿದ್ದ ಕಾಲದಿಂದ ಜನ ಹಕ್ಕಿಬಂಡೆಯ ಹತ್ತಿರ ಎದ್ದು ಎಡಗಡೆಗೆ ಬರುತ್ತಿದ್ದಾರೆ. ನೀನೂ ನಾನೂ ಆ ಜನರ ಕಾಲಸಂದಿಯಲ್ಲಿ ನುಸುಳಿ ಆಟ ಆಡಿದವರು. ಒಂದು ದಿನವಾದರೂ ದೋಣಿ ಅಲುಗಿತ್ತಾ? ಬಾಣಲೆ ಇದ್ದ ಹಾಗೆ ಅಗಲ ನಮ್ಮ ದೋಣಿ. ಎಲ್ಲೋ ಯಾವನದೋ ಲಟಾರಿ ದೋಣಿ ಮಗುಚಿತು ಎಂದು ನಾನು ಇಲ್ಲಿ ಅಪ್ಪನ ಬಾಯಿ ಮುಚ್ಚಿಸಲಾ?

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಅಮ್ಮ ದಿನಾ ಸಂಜೆ ಕೊನೆಯ ಟ್ರಿಪ್ಪಿಗೆ ಬರುತ್ತಾಳೆ. ಸ್ವೆಟರ್ ಹಾಕಿಕೊಂಡು ಮೇಲೆ ಗಾಳಿಗೆ ಕೂತು ಅಪ್ಪ ಹೇಳುವುದನ್ನೆಲ್ಲ ಮೊದಲಿಂದ ಕೊನೆಯವರೆಗೆ ಕೇಳುತ್ತಾಳೆ. ಹಕ್ಕಿಬಂಡೆ ಬಂದು "ಎಲ್ಲರೂ ಎದ್ದು ಬನ್ನಿ" ಅಂದಾಗ ಅವಳೊಬ್ಬಳು ಏಳುವುದಿಲ್ಲ. "ನಾನು ನೋಡಿದೀನಿ, ನೀವು ನೋಡಿ" ಎಂದು ಮೈಕಿಗೆ ಉತ್ತರ ಕೊಡುತ್ತಾಳೆ. ಆ ಮಾತು ತೆಗೆದರೆ ಅವಳು ಯಾರಿಗೆ ಉತ್ತರ ಕೊಡಬೇಕು? ನೀನೇ ಅವಳಿಗೆ ಬರೆದು ತಿಳಿಸು. ನನ್ನ ಕೈಲಿ ಆಗುವುದಿಲ್ಲ.

ತಮ್ಮ


ಮಾರ್ಚ್ 14

ತಮ್ಮಾ,

ಮೇಲೆ ಅಂದರೆ ಎಲ್ಲಿ?

ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದಿದೆ, ಕಚೇರಿಯಲ್ಲಿ ಓದಿದೆ, ಈಗ ಮತ್ತೆ ಓದಿದೆ. "ಮೇಲೆ ಗಾಳಿಗೆ ಕೂತು" ಎಂದಿದ್ದೀಯ. ನಮ್ಮ ದೋಣಿಗೆ ಮೇಲೆ ಅನ್ನುವುದು ಯಾವಾಗ ಬಂತು? ಒಂದು ತಗಡಿನ ಚಾವಣಿ ಇತ್ತು, ಅದರ ಮೇಲೆ ಕಾಗೆ ಕೂರುತ್ತಿತ್ತು. ಅಮ್ಮ ಕಾಗೆಯಲ್ಲ.

ಈ ಒಂದು ಪ್ರಶ್ನೆಗೆ ಉತ್ತರ ಬರಿ. ಬೇರೇನೂ ಬರೆಯಬೇಡ.

ಅಕ್ಕ


ಮಾರ್ಚ್ 21

ತಮ್ಮಾ,

ನೀನು ಬರೆಯಲಿಲ್ಲ. ಫೋನ್ ಎತ್ತುವುದಿಲ್ಲ. ಅಮ್ಮನನ್ನು ಕೇಳಿದೆ. ಪಾಪ, ಅವಳಿಗೆ ಮುಚ್ಚಿಡಬೇಕು ಅಂತಲೂ ಗೊತ್ತಿಲ್ಲ. "ಎಷ್ಟು ಚೆಂದ ಮಾಡಿಸಿದಾನೆ ಗೊತ್ತಾ! ದೋಣಿಗೆ ಮಹಡಿ! ಕಬ್ಬಿಣದ ಕಟಾಂಜನ, ಮೇಲೂ ಬೆಂಚು. ಪಕ್ಕದ ದೋಣಿಗೆ ಮಹಡಿ ಇತ್ತಲ್ಲ, ಜನ ಎಲ್ಲ ಅಲ್ಲಿಗೇ ಓಡ್ತಿದ್ರು. ಈಗ ನಮ್ಮದಕ್ಕೆ ಬರ್ತಾರೆ" ಎಂದು ಖುಷಿಯಿಂದ ಹೇಳಿದಳು. ನಾನು "ಹೌದಾ ಅಮ್ಮಾ, ಚೆನ್ನಾಗಿದೆ" ಅಂದೆ.

ಕಟ್ಟಿಸಿದ ಮೇಲೆ ತೂಕದ ಪರೀಕ್ಷೆ ಮಾಡಿಸಿದೆಯಾ? ಯಾರನ್ನಾದರೂ ಕರೆದು ತೋರಿಸಿದೆಯಾ? ಇಲ್ಲ ಅಂತ ನನಗೆ ಗೊತ್ತು. ಮಾಡಿಸಿದ್ದರೆ ಮೊದಲ ಕಾಗದದಲ್ಲೇ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಭಾನುವಾರ ಬಟ್ಟೆ ನೆನೆಸುವ ಟಬ್ಬಿನಲ್ಲಿ ಒಂದು ಸ್ಟೀಲ್ ಡಬ್ಬಿ ತೇಲಿಬಿಟ್ಟೆ. ನಗಬೇಡ. ಡಬ್ಬಿಯ ತಳಕ್ಕೆ ಅಕ್ಕಿ ಹಾಕಿ ಮುಚ್ಚಿ, ಬೆರಳಲ್ಲಿ ಒಂದು ಕಡೆ ಒತ್ತಿದೆ. ವಾಲಿತು, ಮತ್ತೆ ನೆಟ್ಟಗಾಯಿತು. ಆಮೇಲೆ ಅದೇ ಅಕ್ಕಿಯನ್ನು ತೆಗೆದು ಚೀಲಕ್ಕೆ ಕಟ್ಟಿ ಮುಚ್ಚಳದ ಮೇಲಿಟ್ಟೆ. ಅದೇ ಡಬ್ಬಿ, ಅದೇ ಅಕ್ಕಿ. ಬೆರಳು ಮುಟ್ಟಿಸಿದೆ, ಅಷ್ಟೇ, ಪಲ್ಟಿ. ಅಕ್ಕಿಯೆಲ್ಲ ಸೋಪಿನ ನೀರಿನ ಪಾಲಾಯಿತು. ಅಪ್ಪನ ಕಾಲದಲ್ಲಿ ಜನ ತಳದಲ್ಲಿದ್ದರು, ಈಗ ಮುಚ್ಚಳದ ಮೇಲಿದ್ದಾರೆ. ಮೈಕಿಗೆ ಆ ವ್ಯತ್ಯಾಸ ಗೊತ್ತಿಲ್ಲ.

ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬಸ್ಸು ತಿರುವಿನಲ್ಲಿ ವಾಲಿದರೆ ಸರಳು ಹಿಡಿದು ಎದುರಿನ ಕಡೆ ಎಷ್ಟು ಜನ ಇದ್ದಾರೆ ಎಂದು ನೋಡುತ್ತೇನೆ. ಲಿಫ್ಟಿನಲ್ಲಿ ಎಲ್ಲರೂ ಒಂದೇ ಮೂಲೆಗೆ ನಿಂತರೆ "ಸ್ವಲ್ಪ ಆ ಕಡೆ ಹೋಗ್ತೀರಾ" ಎಂದು ಕೇಳಿದೆ, ನಿನ್ನೆ. ಪಕ್ಕದ ವಿಭಾಗದವರು ನನ್ನನ್ನು ಒಂದು ಥರಾ ನೋಡಿದರು.

ನೀನು ನನ್ನ ಮಾತು ಕೇಳುವುದಿಲ್ಲ. ಆದರೂ ಒಂದು ಬರೆದಿರುತ್ತೇನೆ. ದೋಣಿ ಒಂದು ಕಡೆ ವಾಲಿದಾಗ ಗಾಬರಿಯಲ್ಲಿ ಚುಕ್ಕಾಣಿ ಎಳೆಯಬೇಡ. ಎಡಕ್ಕೆ ವಾಲಿದ್ದಾಗ ಬಲಕ್ಕೆ ತಿರುಗಿಸಿದರೆ ಇನ್ನೂ ಎಡಕ್ಕೇ ಮಲಗುತ್ತದೆ. ವರದಿಗಳಲ್ಲಿ ಮತ್ತೆ ಮತ್ತೆ ಓದುತ್ತೇನೆ ಇದನ್ನು. ವೇಗ ಇಳಿಸು, ಚುಕ್ಕಾಣಿ ನೆಟ್ಟಗೆ ಮಾಡು, ಜನರನ್ನು ಇದ್ದಲ್ಲೇ ಕೂರಿಸು. ಆ ಕಡೆಗೆ ಓಡಿ ಅನ್ನಬೇಡ, ಆಗ ಇನ್ನೊಂದು ಕಡೆಗೆ ಮಗುಚುತ್ತದೆ.

ಅಮ್ಮನನ್ನು ಮೇಲೆ ಕೂರಿಸಬೇಡ ಕಣೋ.

ಅಕ್ಕ


ಮಾರ್ಚ್ 27

ಅಕ್ಕಾ,

ಸಾಕು ಮಾಡು.

ಹೋದ ಸಲ ನೀನು ಬಂದು ಹೋದ ಮೇಲೆ ಮಹಡಿ ಕಟ್ಟಿಸಿದ್ದು ನಾನೇ. ನಿನಗೆ ಹೇಳಲಿಲ್ಲ, ಯಾಕೆಂದರೆ ನೀನು ಹೀಗೇ ಆಡುತ್ತೀಯ ಎಂದು ಗೊತ್ತಿತ್ತು. ಕಟ್ಟಿದವರು ಆಟಕ್ಕೆ ಕಟ್ಟಿದವರಲ್ಲ, ಇಡೀ ಬಂದರಿನ ದೋಣಿಗಳಿಗೆ ಕೆಲಸ ಮಾಡಿದವರು. ನೀನು ಡಬ್ಬಿ ತೇಲಿಸಿ ನನಗೆ ದೋಣಿ ಕಲಿಸುತ್ತೀಯಾ?

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಂಡರೆ ಮಾಡಿಕೋ. ಅಪ್ಪ ಹೋದ ಮೇಲೆ ನೀನು ಮನೆಗೆ ಬಂದಿದ್ದು ಎರಡು ಸಲ. ಎರಡು ಸಲವೂ ದೋಣಿ ಹತ್ತಲಿಲ್ಲ. ಒಂದು ಸಲ ತಲೆನೋವು ಅಂದೆ, ಇನ್ನೊಂದು ಸಲ ಬಟ್ಟೆ ಒಗೆಯಬೇಕು ಅಂದೆ. ಜೆಟ್ಟಿಯಿಂದ ಮೈಕಿನ ಸದ್ದು ಮನೆಗೆ ಕೇಳಿದರೆ ಎದ್ದು ಹೋಗಿ ಕಿಟಕಿ ಹಾಕಿದೆ. ನಾನು ನೋಡಿದೆ. ನಿನಗೆ ಅಪ್ಪನ ದನಿಯೇ ಬೇಡವಾಗಿದೆ. ನೇರವಾಗಿ ಹೇಳಲು ಬಾಯಿ ಬರದೆ, ಸುರಕ್ಷತೆ, ವರದಿ, ಡಬ್ಬಿ ಅಂತ ನೆಪ ಹುಡುಕುತ್ತೀಯ.

ನೀನು ಅಲ್ಲಿ ಕೂತು ಸತ್ತವರ ಬಗ್ಗೆ ಓದಿ ಓದಿ ಎಲ್ಲರೂ ಸಾಯುತ್ತಾರೆ ಅಂದುಕೊಂಡಿದ್ದೀಯ. ನಾವು ಇಲ್ಲಿ ಬದುಕುತ್ತಿದ್ದೇವೆ. ರಜೆ ಶುರುವಾಗುತ್ತದೆ, ಜನ ಬರುತ್ತಾರೆ. ಅಪ್ಪನ ಮಾತು ಕೇಳಿ ನಗುತ್ತಾರೆ. ಇಳಿಯುವಾಗ "ಆ ಮಾತಾಡಿದವರು ಯಾರು, ಅವರನ್ನ ಒಂದು ಸಲ ನೋಡ್ಬೇಕಲ್ಲ" ಅನ್ನುತ್ತಾರೆ. ಆಗ ಇವರೇ ಅವರ ಹೆಂಡತಿ ಎಂದು ಅಮ್ಮನನ್ನು ತೋರಿಸುತ್ತೇನೆ. ಅಮ್ಮ ಸೆರಗು ಸರಿ ಮಾಡಿಕೊಳ್ಳುತ್ತಾಳೆ. ಅದನ್ನು ನಾನು ತೆಗೆಯುವುದಿಲ್ಲ.

ತಮ್ಮ


ಏಪ್ರಿಲ್ 1

ತಮ್ಮಾ,

ಕಿಟಕಿಯ ಮಾತಿಗೆ ಈಗ ಉತ್ತರ ಬರೆಯುವುದಿಲ್ಲ. ಬರೆಯಲು ಬರುವುದಿಲ್ಲ.

ಬೇರೆಯದು ತಿಳಿಸಬೇಕು, ನಾನೇ ತಿಳಿಸಬೇಕು. ಇವತ್ತು ಸಾಹೇಬರ ಕೋಣೆಗೆ ಹೋಗಿ, ಮಹಡಿ ಕಟ್ಟಿಸಿ ಪರೀಕ್ಷೆ ಮಾಡಿಸದ ಒಂದು ದೋಣಿ ಇದೆ ಎಂದು ಹೇಳಿದೆ. "ಎಲ್ಲಿ?" ಅಂದರು. ಹೇಳಿದೆ. "ಯಾರದು?" ಅಂದರು. "ನನ್ನ ತಮ್ಮನದು" ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೀವು ಕೂತ್ಕೊಳ್ಳಿ ಮೊದ್ಲು" ಅಂದರು. ಇನ್ಸ್‌ಪೆಕ್ಟರ್ ಬರುತ್ತಾರೆ. ಈ ತಿಂಗಳ ಕೊನೆಯೊಳಗೆ ಬರಬಹುದು. ಅಲ್ಲಿಯವರೆಗೆ ದೋಣಿ ನಿಲ್ಲಿಸು ಎಂದರೆ ನೀನು ನಿಲ್ಲಿಸುವುದಿಲ್ಲ. ಮೇಲಕ್ಕೆ ಯಾರನ್ನೂ ಬಿಡಬೇಡ, ಅಷ್ಟಾದರೂ ಮಾಡು.

ಇನ್ನು ನೀನು ನನ್ನನ್ನು ಅಕ್ಕ ಎಂದು ಕರೆಯದಿದ್ದರೂ ಸರಿ.


ಏಪ್ರಿಲ್ 12

ತಮ್ಮಾ,

ಬೈಯಲಾದರೂ ಬರಿ.

ಪೋಸ್ಟಿನ ಡಬ್ಬಿಯನ್ನು ಬೆಳಿಗ್ಗೆ ಹೋಗುವಾಗ ನೋಡುತ್ತೇನೆ, ಬಂದಾಗ ನೋಡುತ್ತೇನೆ. ಮೇಲಿನ ಮನೆಯವರ ಕರೆಂಟ್ ಬಿಲ್ಲಿಗೂ ಎದೆ ಹೊಡೆದುಕೊಳ್ಳುತ್ತದೆ. ಅಮ್ಮನಿಗೆ ಮೊನ್ನೆ ಫೋನ್ ಮಾಡಿದರೆ "ಎಲ್ಲ ಚೆನ್ನಾಗಿದೀವಿ, ನೆಗಡಿ ಆಗಿದೆ ಅಷ್ಟೇ" ಎಂದು ಇಟ್ಟುಬಿಟ್ಟಳು. ಅಮ್ಮ ಯಾವತ್ತಾದರೂ ಅಷ್ಟು ಬೇಗ ಫೋನ್ ಇಟ್ಟವಳಾ? ಪಕ್ಕದ ಬೀದಿಯ ನಾಯಿಯ ಸಮಾಚಾರ ಹೇಳದೆ ಇಡುವವಳಲ್ಲ. ನೀನು ಹೇಳಿಕೊಟ್ಟಿದ್ದೀಯ, "ಅವಳ ಹತ್ರ ಮಾತಾಡ್ಬೇಡ" ಅಂತ. ಹೇಳಿಕೊಡು. ಕೋಪ ಇರಲಿ. ಒಂದು ಸಾಲು ಬರಿ.

ಅಕ್ಕ


ಏಪ್ರಿಲ್ 16

ಅಕ್ಕಾ,

ನಾನು ಯಾರಿಗೂ ಏನೂ ಹೇಳಿಕೊಡಲಿಲ್ಲ. ಅಮ್ಮನಿಗೆ ನೆಗಡಿ ಆಗಿದ್ದು ನಿಜ. ಮೈಯೆಲ್ಲ ನೆನೆದಿತ್ತು.

ಕೂತು ಓದು. ಎಲ್ಲರೂ ಬದುಕಿದ್ದೇವೆ. ಅದನ್ನು ಮೊದಲೇ ಬರೆದುಬಿಡುತ್ತೇನೆ.

ಕಳೆದ ವಾರ ಸಂಜೆಯ ಕೊನೆಯ ಟ್ರಿಪ್ಪಿಗೆ ನಿವೃತ್ತ ಗುಮಾಸ್ತರ ಸಂಘದವರು ಬಂದಿದ್ದರು. ಒಬ್ಬೊಬ್ಬರ ಕುತ್ತಿಗೆಯಲ್ಲೂ ಒಂದೊಂದು ಕ್ಯಾಮೆರಾ. ನಿನ್ನ ಕಾಗದ ಬಂದ ಮೇಲೆ ಎರಡು ದಿನ ಮೇಲಕ್ಕೆ ಹಗ್ಗ ಕಟ್ಟಿ ಯಾರನ್ನೂ ಬಿಟ್ಟಿರಲಿಲ್ಲ. ಸಿಟ್ಟು ಬಂದು ಕಟ್ಟಿದ್ದು, ಸಿಟ್ಟು ಬಂದು ಬಿಚ್ಚಿದೆ. ಎಲ್ಲರೂ ಮೇಲೇ ಹೋದರು. ಅಮ್ಮನೂ ಮೇಲೇ ಇದ್ದಳು, ಬಲಗಡೆಯ ಅವಳ ಜಾಗದಲ್ಲಿ.

ಹಕ್ಕಿಬಂಡೆ ಬಂತು. ಅಪ್ಪ "ಎಲ್ಲರೂ ಎದ್ದು ಎಡಗಡೆಗೆ ಬನ್ನಿ" ಅಂದರು. ತಲೆಯ ಮೇಲೆ ದಡದಡ ಎಂದು ಕಾಲುಗಳ ಸದ್ದು. ದೋಣಿ ವಾಲಿತು. ದಿನಾ ಸ್ವಲ್ಪ ವಾಲುತ್ತದೆ, ನಿಲ್ಲುತ್ತದೆ. (ದಿನಾ ವಾಲುತ್ತಿತ್ತು ಅಕ್ಕಾ. ನಿನಗೆ ಬರೆಯಲಿಲ್ಲ.) ಅವತ್ತು ನಿಲ್ಲಲಿಲ್ಲ. ನಾನು "ಕೂತ್ಕೊಳ್ಳಿ! ಕೂತ್ಕೊಳ್ಳಿ!" ಎಂದು ಕಿರುಚಿದೆ. ಯಾರಿಗೆ ಕೇಳಬೇಕು? ಮೈಕಿನಲ್ಲಿ ಅಪ್ಪ ನನಗಿಂತ ಜೋರಾಗಿ "ಇನ್ನೂ ಸ್ವಲ್ಪ ಮುಂದೆ ಬನ್ನಿ, ಹಿಂದಿನವರಿಗೂ ಜಾಗ ಬಿಡಿ" ಅನ್ನುತ್ತಿದ್ದರು. ಜನ ಅವರ ಮಾತನ್ನೇ ಕೇಳಿದರು. ಯಾಕೆ ಕೇಳಬಾರದು, ಅಷ್ಟು ಪ್ರೀತಿಯಿಂದ ಕರೆಯುತ್ತಿದ್ದರೆ?

ಬಂಡೆಯಿಂದ ದೂರ ಹೋಗೋಣ ಎಂದು ಚುಕ್ಕಾಣಿಯನ್ನು ಬಲಕ್ಕೆ ಎಳೆದೆ. ದೋಣಿ ಇನ್ನೂ ಎಡಕ್ಕೆ ಮಲಗಿತು. ಎಡಗಡೆಯ ಅಂಚು ದಾಟಿ ನೀರು ಒಳಗೆ ಬಂತು, ನನ್ನ ಮೊಣಕಾಲಿಗೆ. ಅಷ್ಟರಲ್ಲಿ ಟೇಪಿನಲ್ಲಿ ಆ ಲೋಟ ಬೀಳುವ ಸದ್ದು, ನೆನಪಿದೆಯಲ್ಲ, ರೆಕಾರ್ಡ್ ಮಾಡುವಾಗ ನಿನ್ನ ಕೈ ತಗುಲಿ ಬಿದ್ದದ್ದು. ಆಮೇಲೆ ನಿನ್ನ ನಗು. ದೋಣಿ ಮುಳುಗುತ್ತಿತ್ತು, ನೀನು ನಗುತ್ತಿದ್ದೆ.

ಆ ನಗು ಕೇಳಿದ ತಕ್ಷಣ ನಿನ್ನ ಕಾಗದ ನೆನಪಾಯಿತು. ವೇಗ ಇಳಿಸು, ನೆಟ್ಟಗೆ ಮಾಡು, ಇದ್ದಲ್ಲೇ ಕೂರಿಸು. ಎಂಜಿನ್ ಪೂರ್ತಿ ಇಳಿಸಿದೆ, ಚುಕ್ಕಾಣಿ ನೆಟ್ಟಗೆ ಮಾಡಿದೆ. ಒಂದು ಕೈಯಲ್ಲಿ ಮೈಕಿನ ವೈರು ಹಿಡಿದು ಕಿತ್ತೆ. ಗೋಡೆಯ ಹಲಗೆ ಸಮೇತ ಬಂತು. ಅಪ್ಪ ಅರ್ಧ ಮಾತಿಗೇ ನಿಂತರು.

ಆಗ ಅಮ್ಮನ ದನಿ ಕೇಳಿತು. ನಾವು ಚಿಕ್ಕವರಿದ್ದಾಗ ಊಟಕ್ಕೆ ಕೂರದೆ ಓಡಾಡುತ್ತಿದ್ದರೆ ಕೂಗುತ್ತಿದ್ದಳಲ್ಲ, ಅದೇ ದನಿ. "ಕೂತ್ಕೊಳ್ರೋ ಎಲ್ಲಾ! ಇದ್ದಲ್ಲೇ! ತಿಕ ನೆಲಕ್ಕೂರಿ!" ಅಕ್ಕಾ, ಪಿಂಚಣಿ ತೆಗೆದುಕೊಳ್ಳುವ ಗಂಡಸರು ಕ್ಯಾಮೆರಾ ಸಮೇತ ದೊಪ್ಪ ದೊಪ್ಪ ಎಂದು ನೆಲಕ್ಕೆ ಕೂತರು. ದೋಣಿ ಯೋಚನೆ ಮಾಡುತ್ತಿರುವ ಹಾಗೆ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಎದ್ದಿತು.

ಒಬ್ಬರು ಮೇಲಿನಿಂದ ನೀರಿಗೆ ಬಿದ್ದಿದ್ದರು. ಜಾಕೆಟ್ ಇರಲಿಲ್ಲ. ಜೆಟ್ಟಿಗೆ ದೋಣಿ ಕಟ್ಟುವ ನಮ್ಮ ಹಗ್ಗದ ಮಾಮ ಟ್ಯೂಬು ಎಸೆದು ಎಳೆದುಕೊಂಡರು. ಆ ಮನುಷ್ಯ ಮೇಲೆ ಬಂದು ಮೊದಲು ಕೇಳಿದ್ದು ಕನ್ನಡಕ. ಆಮೇಲೆ ಗಳಗಳ ಅತ್ತುಬಿಟ್ಟರು. ನಾನೂ ಅತ್ತೆ. ವಾಪಸು ಬರುವಾಗ ಬಕೆಟ್ಟಿನಲ್ಲಿ ನೀರು ಹೊರಹಾಕುತ್ತಾ ಬಂದೆವು, ಅಮ್ಮನೂ.

ಜೆಟ್ಟಿಯಲ್ಲಿ ಎಲ್ಲರೂ ಇಳಿದ ಮೇಲೆ ನಾನು ಆ ಕಿತ್ತ ವೈರು ಹಿಡಿದುಕೊಂಡು ಕೂತಿದ್ದೆ. "ಅಪ್ಪ ಹೀಗೆ ಮಾಡಿಬಿಟ್ರಲ್ಲಮ್ಮಾ" ಅಂದೆ. ಎಂಥಾ ಮಾತು ಆಡಿದೆ ನೋಡು. ಅಮ್ಮ ಸೆರಗು ಹಿಂಡುತ್ತಾ, "ನಿಮ್ಮಪ್ಪ ಯಾಕೋ ಮಾಡ್ತಾರೆ? ಅವರು ಕೂಗುವಾಗ ಕಣ್ಣು ಜನರ ಮೇಲೇ ಇರ್ತಿತ್ತು. ಒಂಚೂರು ವಾಲಿದ್ರೆ ಸಾಕು, ಹಕ್ಕಿ ಹಾರಿಹೋಯ್ತು ಕೂತ್ಕೊಳ್ಳಿ ಅಂತ ಸುಳ್ಳು ಹೇಳಿ ಕೂರಿಸ್ತಿದ್ರು. ಈ ಟೇಪಿಗೆ ಕಣ್ಣಿದೆಯೇನೋ?" ಅಂದಳು.

ನಾನು ಆ ದೋಣಿಯಲ್ಲೇ ಬೆಳೆದವನು. ಹಕ್ಕಿ ಹಾರಿಹೋಯಿತು ಎಂದು ಅಪ್ಪ ಅಂದಾಗೆಲ್ಲ ನಿಜವಾಗಿಯೂ ಹಾರಿತು ಅಂದುಕೊಂಡಿದ್ದೆ.

ನಿನ್ನ ಇನ್ಸ್‌ಪೆಕ್ಟರ್ ಬರುವ ಮುಂಚೆ ನಾನೇ ನಿಮ್ಮ ಕಚೇರಿಗೆ ಬರೆದು ಹಾಕಿದ್ದೇನೆ, ಏನಾಯಿತು ಎಂದು ಪೂರ್ತಿ. ದಿನಾ ವಾಲುತ್ತಿದ್ದದ್ದನ್ನೂ ಬರೆದೆ. ದೋಣಿ ಕಟ್ಟಿಹಾಕಿದೆ. ನಿನ್ನ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಕೈ ಬರಲಿಲ್ಲ.

ನಿನ್ನ ತಮ್ಮ


ಏಪ್ರಿಲ್ 21

ತಮ್ಮಾ,

ನಿನ್ನ ಕಾಗದ ಓದಿ ನಿನಗೆ ಬಾಯಿಗೆ ಬಂದ ಹಾಗೆ ಬೈದೆ, ಇಲ್ಲೇ, ಗೋಡೆಗೆ. ಹಗ್ಗ ಕಟ್ಟಿದವನು ಯಾಕೋ ಬಿಚ್ಚಿದೆ, ಕತ್ತೆ! ಆಮೇಲೆ ಮತ್ತೆ ಮೊದಲಿಂದ ಓದಿದೆ. "ಎಲ್ಲರೂ ಬದುಕಿದ್ದೇವೆ" ಅನ್ನುವ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಉಳಿದದ್ದನ್ನು ಓದಿದೆ.

ನೀನು ಕಚೇರಿಗೆ ಬರೆದದ್ದು ನನ್ನ ಮೇಜಿಗೇ ಬಂತು. ಸಾಹೇಬರು "ಇದನ್ನ ಬೇರೆಯವರಿಗೆ ಕೊಡ್ಲಾ?" ಎಂದು ಕೇಳಿದರು. ನಾನೇ ಬರೆಯುತ್ತೇನೆ ಅಂದೆ. ಅವರು ಹೋಗುವಾಗ, "ಆಗದೇ ಉಳಿದ ಅಪಘಾತಾನ ಯಾರೂ ಬರೆದು ಕಳಿಸಲ್ಲಮ್ಮ. ನಿಮ್ಮ ತಮ್ಮ ಕಳಿಸಿದಾನೆ" ಅಂದರು. ನಿನಗೆ ತಿಳಿಸಬೇಕು ಅನ್ನಿಸಿತು.

ಪುಟ ಬರೆಯಲು ಕೂತಿದ್ದೇನೆ, ಬರುತ್ತಿಲ್ಲ. "ದೋಣಿಯಲ್ಲಿ ಧ್ವನಿಮುದ್ರಿತ ಪ್ರಕಟಣೆ ಇತ್ತು" ಎಂದು ಬರೆಯುತ್ತೇನೆ, ಹೊಡೆದುಹಾಕುತ್ತೇನೆ. ಧ್ವನಿಮುದ್ರಿತ ಪ್ರಕಟಣೆಯಂತೆ! ಅಪ್ಪ ಕಣೋ ಅದು.

ಅಮ್ಮನಿಗೆ ಬಿಸಿನೀರು ಕುಡಿಸು. ಸಂಜೆ ಹೊತ್ತು ಅವಳು ಏನು ಮಾಡುತ್ತಾಳೆ ಈಗ?

ಅಕ್ಕ


ಮೇ 7

ಅಕ್ಕಾ,

ಸಂಜೆ ಹೊತ್ತು ಅಮ್ಮ ಮಹಡಿ ಬಿಚ್ಚುವವರ ತಲೆ ತಿನ್ನುತ್ತಿದ್ದಳು. ಕಟಾಂಜನ ಬಿಚ್ಚಿದ್ದು ಅವಳಿಗೇ ಹೆಚ್ಚು ಬೇಜಾರು, ಬಟ್ಟೆ ಒಣಹಾಕಲು ಮನೆಗೆ ತರಿಸಿಕೊಂಡಳು. ಇನ್ಸ್‌ಪೆಕ್ಟರ್ ಬಂದರು, ಒಳ್ಳೆಯ ಮನುಷ್ಯ. ದೋಣಿಯಲ್ಲಿ ಮರಳಿನ ಮೂಟೆಗಳನ್ನು ಒಂದೇ ಕಡೆ ಇಡಿಸಿ ಎಷ್ಟು ವಾಲುತ್ತದೆ ಎಂದು ಅಳೆದರು. ನಿನ್ನ ಡಬ್ಬಿಯ ಆಟವೇ, ದೊಡ್ಡದು. ನಮ್ಮ ಬಾಣಲೆ ಮತ್ತೆ ಬಾಣಲೆಯಾಗಿದೆ. ಸೋಮವಾರದಿಂದ ಓಡಿಸುತ್ತಿದ್ದೇನೆ.

ಜಾಕೆಟ್ ಹಾಕಿಕೊಳ್ಳದವರಿದ್ದರೆ ಎಂಜಿನ್ ಶುರು ಮಾಡುವುದಿಲ್ಲ. ಸುಮ್ಮನೆ ಕೈಕಟ್ಟಿ ಕೂರುತ್ತೇನೆ. ಉಳಿದವರೇ ಅವರಿಗೆ ಬೈದು ಹಾಕಿಸುತ್ತಾರೆ.

ಹಕ್ಕಿಬಂಡೆಗೆ ಈಗ ಎರಡು ಸುತ್ತು. ಒಂದು ಸಲ ಎಡಗಡೆಯವರಿಗೆ ಕಾಣುವ ಹಾಗೆ, ತಿರುಗಿ ಬಂದು ಬಲಗಡೆಯವರಿಗೆ. ಯಾರೂ ಏಳಬೇಕಾಗಿಲ್ಲ. ಮಾತು ನಾನೇ ಆಡುತ್ತೇನೆ. ಮೊದಲ ದಿನ "ಇದು... ಹಕ್ಕಿಬಂಡೆ. ಹಕ್ಕಿಗಳಿವೆ" ಅಂದೆ. ಅಮ್ಮ ಕೆಳಗೆ ಬಲಗಡೆ ಕೂತು, "ಏನೋ ಅದು, ನೀರಿನ ಬಿಲ್ಲು ಓದ್ದಂಗೆ ಓದ್ತೀಯ" ಎಂದು ಎಲ್ಲರ ಎದುರಿಗೇ ಅಂದಳು. ಜನ ನಕ್ಕರು. ನಿನ್ನೆ "ಎಲ್ಲರೂ ಕೂತೇ ಇರಿ, ನಿಮ್ಮ ಸರದಿ ಬರುತ್ತೆ, ಹಕ್ಕಿಗಳು ಎಲ್ಲೂ ಹೋಗಲ್ಲ" ಅಂದೆ. ಅಮ್ಮ "ಸರಿ ಕಣಪ್ಪ, ಕೂತಿದೀನಿ" ಎಂದು ಉತ್ತರ ಕೊಟ್ಟಳು. ನನಗೆ, ಮೈಕಿಗಲ್ಲ.

ಅಪ್ಪನ ರೆಕಾರ್ಡಿಂಗನ್ನು ಈ ಕವರಿನಲ್ಲಿ ಇಟ್ಟಿದ್ದೇನೆ, ಪೆನ್‌ಡ್ರೈವಿನಲ್ಲಿ. ಒಂದಕ್ಷರವನ್ನೂ ತೆಗೆದಿಲ್ಲ. ದೋಣಿಯಲ್ಲಿ ಇಡುವುದು ಬೇಡ, ಅಳಿಸುವುದೂ ಬೇಡ. ನೀನು ಕೇಳದಿದ್ದರೂ ಪರವಾಗಿಲ್ಲ, ನಿನ್ನ ಹತ್ತಿರ ಇರಲಿ. ಕಿಟಕಿಯ ಬಗ್ಗೆ ಬರೆದದ್ದು ತಪ್ಪಾಯಿತು.

ತಮ್ಮ


ಮೇ 14

ತಮ್ಮಾ,

ಪುಟ ಮುಗಿಯಿತು, ಅಚ್ಚಿಗೆ ಹೋಯಿತು. ಮಹಡಿಯ ತೂಕ, ಜಾಕೆಟ್ಟು, ಚುಕ್ಕಾಣಿ, ಎಲ್ಲ ಬರೆದಿದ್ದೇನೆ. ಕೊನೆಯ ಸಾಲು ಅಮ್ಮನದು. "ಜನರನ್ನು ಏಳಿ ಎನ್ನುವವರು ಆ ಹೊತ್ತಿನಲ್ಲಿ ಜನರನ್ನು ನೋಡುತ್ತಿರಬೇಕು." ಸಾಹೇಬರು ಒಂದಕ್ಷರ ತಿದ್ದಲಿಲ್ಲ. ನಿನಗೂ ಒಂದು ಪ್ರತಿ ಬರುತ್ತದೆ. ಇದರಲ್ಲಿ ಆಯಿಲ್ ಒರೆಸಿದರೆ ಕೈ ಮುರಿಯುತ್ತೇನೆ.

ಕಿಟಕಿಯದು ತಪ್ಪೇನೂ ಅಲ್ಲ. ನೀನು ನೋಡಿದ್ದು ಸರಿ, ಅಂದುಕೊಂಡಿದ್ದು ಮಾತ್ರ ಬೇರೆ. ಬೇಡವಾಗಿ ಹಾಕಿದ್ದಲ್ಲ ಕಣೋ. ದೋಣಿ ಹೊರಡುವ ಮುಂಚೆ ಅಪ್ಪ ಜೆಟ್ಟಿಯಿಂದ "ಬನ್ನಿ, ಎಲ್ಲರೂ ಬನ್ನಿ" ಎಂದು ಕರೆಯುತ್ತಿದ್ದರೆ, ಎದ್ದು ಓಡಿಹೋಗಬೇಕು ಅನ್ನಿಸುತ್ತಿತ್ತು. ಓಡಿಹೋದರೆ ಅಲ್ಲಿ ಅವರು ಇರುತ್ತಿರಲಿಲ್ಲವಲ್ಲ. ಅದಕ್ಕೇ ಹಾಕಿದೆ.

ನಿನ್ನೆ ಕಚೇರಿಯಿಂದ ಬಂದು, ಅಡುಗೆಮನೆಯಲ್ಲಿ ಕೂತು, ನೀನು ಕಳಿಸಿದ್ದನ್ನು ಹಾಕಿದೆ. ಲೈಟ್‌ಹೌಸಿನ ಕಥೆ ಹೇಳಿದರು, ಕೆಮ್ಮಿದರು, ನೀರು ಕುಡಿದರು. ಹಕ್ಕಿಬಂಡೆ ಬಂತು. "ಕೂತಲ್ಲೇ ಕೂತರೆ ಏನೂ ಕಾಣುವುದಿಲ್ಲ ಸ್ವಾಮಿ. ಎಲ್ಲರೂ ಎದ್ದು ಎಡಗಡೆಗೆ ಬನ್ನಿ."

ನಾನು ಎದ್ದೆ. ಎಡಗಡೆಗೆ ಹೋದೆ. ಅಲ್ಲಿ ಪಾತ್ರೆ ತೊಳೆಯುವ ಸಿಂಕು, ಅದರ ಮೇಲೊಂದು ಕಿಟಕಿ. ತೆರೆದೇ ಇತ್ತು. ಲೋಟ ಬಿದ್ದು ನಾನು ನಕ್ಕು ಮುಗಿಸುವ ತನಕ ಸಿಂಕಿನ ಅಂಚು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಆಮೇಲೆ ಅಪ್ಪ ನನ್ನನ್ನು ಗದರಿದ್ದೂ ಅದರಲ್ಲಿದೆ, ಮೆಲ್ಲಗೆ, "ನಗಬೇಡ್ವೇ, ಕೆಲಸ ಮಾಡ್ತಿದೀನಿ" ಎಂದು. ನನಗದು ಮರೆತೇ ಹೋಗಿತ್ತು.

ಶನಿವಾರದ ಬಸ್ಸಿಗೆ ಬರುತ್ತಿದ್ದೇನೆ. ಸಂಜೆಯ ಕೊನೆಯ ಟ್ರಿಪ್ಪಿಗೆ ಕೆಳಗೆ ಬಲಗಡೆ, ಅಮ್ಮನ ಪಕ್ಕ ಒಂದು ಜಾಗ ಇಟ್ಟಿರು. ಜಾಕೆಟ್ ಹಾಕಿಕೊಂಡೇ ಕೂರುತ್ತೇನೆ. ನೀನು ಮಾತಾಡು, ಕೇಳುತ್ತೇನೆ.

ನಿನ್ನ ಅಕ್ಕ